ಸಾವಿತ್ರಕ್ಕನ ಗಾಡಿಯ ನಡುಕ

ನನ್ನ ಗ್ಯಾರೇಜಿನ ಬಾಗಿಲಿಗೆ ಗಂಟೆಯ ಬದಲು ಕಾರಿನ ಹಳೆಯ ಬ್ರೇಕ್ ಡಿಸ್ಕೊಂದನ್ನು ತೂಗುಹಾಕಿದ್ದೇನೆ. ಊಟದ ತಟ್ಟೆಯಷ್ಟು ಅಗಲದ ಕಬ್ಬಿಣದ ಬಿಲ್ಲೆ. ನಾನು ಗಾಡಿಯ ಅಡಿಗೆ ಮಲಗಿರುವಾಗ ಯಾರಾದರೂ ಬಂದರೆ ಅದಕ್ಕೊಂದು ಪೆಟ್ಟು ಕೊಡುತ್ತಾರೆ. ಇವತ್ತು ಬೆಳಿಗ್ಗೆ ಅದು ಎರಡು ಸಲ ಠಣ್ ಎಂದಿತು. ಎರಡು ಸಲ ಹೊಡೆಯುವವಳು ಇಡೀ ಯಲ್ಲಾಪುರಕ್ಕೆ ಒಬ್ಬಳೇ, ಇಡಗುಂದಿಯ ಸಾವಿತ್ರಕ್ಕ. ಆ ಡಿಸ್ಕ್ ಅವಳ ಗಾಡಿಯದ್ದೇ. ನಾನು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅದರ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಶಿರಸಿಯಲ್ಲಿ ಉಸ್ತಾದರ ಕೈಕೆಳಗೆ ಒಂಬತ್ತು ವರ್ಷ ಗ್ರೀಸಿನಲ್ಲಿ ಮಿಂದೆ. ಬ್ರೇಕ್ ಒತ್ತಿದಾಗ ಗಾಡಿ ನಡುಗುತ್ತದೆಂದು ಯಾರಾದರೂ ಬಂದರೆ ಉಸ್ತಾದರು ಮೊದಲಿಗೆ ಜಾಕ್ ಮುಟ್ಟುತ್ತಿರಲಿಲ್ಲ. ಗಾಡಿಯವನ ಪಕ್ಕದಲ್ಲಿ ತಾವು ಕೂತು, ನನ್ನನ್ನು ಹಿಂದೆ ಕೂರಿಸಿ, ಬನವಾಸಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು. “ಸ್ಟೇರಿಂಗ್ ಅದುರಿದ್ರೆ ಮುಂದಿನ ಚಕ್ರ, ಕುಂಡಿ ಕೆಳಗೆ ಅದುರಿದ್ರೆ ಹಿಂದಿಂದು. ತಿಳೀತಾ ಬೇಟಾ?” ಇಷ್ಟು ಸಲೀಸಾಗಿ ಯಾವ ಮಾಸ್ತರರಾದರೂ ಪಾಠ ಹೇಳಿದ್ದರೆ ನಾನು ಎಂಟನೇ ತರಗತಿಯನ್ನೂ ನೋಡುತ್ತಿದ್ದೆನೇನೋ.

ಸಾವಿತ್ರಕ್ಕ ಬಾಡಿಗೆ ಕಾರು ಓಡಿಸುವವಳು. ಸುತ್ತಿನ ಹಳ್ಳಿಗಳ ಬಸುರಿಯರನ್ನು ಅರಬೈಲ್ ಘಟ್ಟ ಇಳಿಸಿ ಅಂಕೋಲೆಯ ಆಸ್ಪತ್ರೆಗೆ ಮುಟ್ಟಿಸುವುದು, ಹೆರಿಗೆಯಾದ ಮೇಲೆ ತಾಯಿ ಕೂಸನ್ನು ಮನೆಗೆ ಕರೆತರುವುದು ಅವಳ ಮುಖ್ಯ ಕೆಲಸ. ಎರಡು ವರ್ಷದ ಹಿಂದೆ ಒಂದು ದಿನ ಬಂದು ಕೀಲಿಕೈ ನನ್ನ ಮುಂದೆ ಎಸೆದಳು.

“ತಮ್ಮಾ, ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ಗಡಗಡ ಅಂತದೆ. ಹಿಂದೆ ಕೂತ ಬಸುರಿ ಘಟ್ಟ ಮುಗಿಯುವರೆಗೂ ದೇವ್ರೇ ದೇವ್ರೇ ಅಂತಿರ್ತಾಳೆ. ಹಿಂಗೇ ಆದ್ರೆ ನನ್ನ ಗಾಡಿ ಹತ್ತುವವ್ರು ಯಾರು?”

ಸ್ಟೇರಿಂಗ್ ಎಂದಳಲ್ಲ, ಮುಂದಿನ ಚಕ್ರ ಬಿಚ್ಚಿದೆ. ಡಿಸ್ಕಿಗೆ ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಮುಳ್ಳು ಅತ್ತಿತ್ತ ಓಲಾಡಿತು. ಬಿಲ್ಲೆ ಸೊಟ್ಟಗಾಗಿದೆ ಎಂದರ್ಥ. ಶಿರಸಿಗೆ ಒಯ್ದು, ಲೇತಿನಲ್ಲಿ ಸಪಾಟು ಮಾಡಿಸಿ ತಂದು ಕೂರಿಸಿದೆ. ನಡುಕ ಹೋಯಿತು. “ಇನ್ನು ಲೋಟದ ತುಂಬ ನೀರು ಇಟ್ಕಂಡು ಬ್ರೇಕ್ ಹೊಡಿ ಅಕ್ಕಾ, ಹನಿ ಚೆಲ್ಲಿದ್ರೆ ಕೇಳು” ಎಂದು ಎದೆಯುಬ್ಬಿಸಿ ಹೇಳಿದೆ.

ತಿಂಗಳೊಳಗೆ ಅದೇ ನಡುಕ. ಈ ಸಲ ಹೊಸ ಡಿಸ್ಕುಗಳನ್ನೇ ಹಾಕಿದೆ. ಲೋಟದ ಮಾತನ್ನು ಮತ್ತೊಮ್ಮೆ ಹೇಳಿದೆ. ಇನ್ನೊಂದು ತಿಂಗಳಿಗೆ ಅವಳು ಮತ್ತೆ ಬಾಗಿಲಲ್ಲಿ.

“ಲೋಟದ ನೀರು ಹಾಳಾಗ್ಲಿ, ಲೋಟವೇ ಹಾರ್ತದೆ. ನಿನ್ನ ಕೈಲಿ ಆಗುದಿಲ್ಲ ಅಂದ್ರೆ ಹೇಳ್ಬಿಡು, ಹುಬ್ಬಳ್ಳಿಗೆ ಒಯ್ತೆ.”

ಹುಬ್ಬಳ್ಳಿ! ನನಗೆ ಊಟ ಸೇರಲಿಲ್ಲ. ಡಿಸ್ಕನ್ನು ಬೈದೆ, ಬ್ರೇಕ್ ಪ್ಯಾಡನ್ನು ಬೈದೆ, ಪಾಪದ ಲೇತಿನವನಿಗೆ ಫೋನು ಮಾಡಿ ಅವನನ್ನೂ ಬೈದೆ. ಬೈಯಲು ಯಾರೂ ಉಳಿಯದಾಗ ಉಸ್ತಾದರು ನೆನಪಾದರು. ಈ ಗಾಡಿಯ ವಿಷಯದಲ್ಲಿ ನಾನು ಮೊದಲ ದಿನವೇ ಜಾಕ್ ಹಚ್ಚಿದ್ದೆ. ಗಾಡಿಯವಳ ಪಕ್ಕದಲ್ಲಿ ಒಮ್ಮೆಯೂ ಕೂತಿರಲಿಲ್ಲ.

ಮರುದಿನ ತಾಯಿ ಕೂಸನ್ನು ಕರೆತರಲು ಹೊರಟಿದ್ದವಳ ಪಕ್ಕದಲ್ಲಿ ಹತ್ತಿ ಕೂತೆ. ಘಟ್ಟದುದ್ದಕ್ಕೂ ಅವಳ ಓಡಿಸುವಿಕೆಯಲ್ಲಿ ತಪ್ಪು ಹುಡುಕಿದೆ. ಸಣ್ಣ ಗೇರು, ಬೇಕಾದಷ್ಟೇ ಬ್ರೇಕು, ಒಂದು ತಪ್ಪಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೇ ಆಯಿತು. ಘಟ್ಟದ ಬುಡದಲ್ಲಿ ಹಳ್ಳದ ಪಕ್ಕ ಗಾಡಿ ನಿಲ್ಲಿಸಿ, ಡಿಕ್ಕಿಯಿಂದ ಬಕೆಟ್ಟು ತೆಗೆದು, ನೀರು ತುಂಬಿ ತಂದು ಮುಂದಿನ ಚಕ್ರಕ್ಕೆ ಹೊಯ್ದಳು. ಚುಂಯ್ ಎಂದು ಹಬೆ ಎದ್ದಿತು.

“ಅಕ್ಕಾ! ಎಂತ ಮಾಡ್ತಿ?”

“ಎಂತ ಅಂದ್ರೆ? ಚಕ್ರ ತೊಳೀತೆ. ಎಳೆ ಕೂಸು ಧೂಳಿನ ಗಾಡಿಯಲ್ಲಿ ಮನೆಗೆ ಬರುದಾ?”

“ದಿನಾ ಹಿಂಗೇ ತೊಳೀತ್ಯಾ? ಮತ್ತೆ ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ?”

“ನೀ ಕೇಳಿದ್ಯಾ? ಬಂದಾಗೆಲ್ಲ ಲೋಟದ ಕಥೆ ಹೇಳ್ತಿದ್ದಿ.”

ಘಟ್ಟ ಇಳಿದ ಗಾಡಿಯ ಡಿಸ್ಕ್ ದೋಸೆ ಕಾವಲಿಯ ಹಾಗೆ ಕಾದಿರುತ್ತದೆ, ಅದರ ಮೇಲೆ ತಣ್ಣೀರು ಬಿದ್ದರೆ ಕಬ್ಬಿಣ ಸೊಟ್ಟಗಾಗುತ್ತದೆ ಎಂದು ವಿವರಿಸತೊಡಗಿದೆ. ಅವಳು ಅರ್ಧಕ್ಕೇ ತಡೆದಳು. “ಕಾದ ಕಾವಲಿಗೆ ನೀರು ಹೊಯ್ಯಬಾರ್ದು ಅಂತ ನೀ ನಂಗೆ ಕಲಿಸ್ತ್ಯಾ?” ಆಮೇಲೆ ಬಕೆಟ್ಟನ್ನು ನೋಡಿದಳು, ಚಕ್ರವನ್ನು ನೋಡಿದಳು, ಕಲ್ಲಿನ ಮೇಲೆ ಕೂತು ನಕ್ಕೇ ನಕ್ಕಳು.

ಕೊನೆಯ ಸಲ ಕೆಲಸ ಹಿಡಿದೆ. ಡಿಸ್ಕ್ ಕೂರುವ ಜಾಗದ ತುಕ್ಕನ್ನೆಲ್ಲ ತಂತಿ ಬ್ರಷ್ಷಿನಿಂದ ತಿಕ್ಕಿ, ಹೊಸ ಡಿಸ್ಕ್ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದೆ. ಗೇಜಿನ ಮುಳ್ಳು ಮಿಸುಕಲಿಲ್ಲ. ಸಾವಿತ್ರಕ್ಕ ತುಂಬಿದ ಲೋಟವನ್ನು ನನ್ನ ಕೈಗೇ ಕೊಟ್ಟು ಘಟ್ಟ ಇಳಿಸಿದಳು. ಬ್ರೇಕ್ ಒತ್ತಿದಾಗ ನೀರು ನಡುಗಲಿಲ್ಲ. ನನ್ನ ಪ್ಯಾಂಟು ಒದ್ದೆಯಾದದ್ದು ತಿರುವಿನಲ್ಲಿ. ಅದು ಬ್ರೇಕಿನ ತಪ್ಪಲ್ಲ ಎಂದು ಈಗಲೂ ವಾದಿಸುತ್ತೇನೆ. ಸೊಟ್ಟಗಾದ ಡಿಸ್ಕೊಂದನ್ನು ಬಾಗಿಲಿಗೆ ಕಟ್ಟಿದ್ದು ಆವತ್ತೇ. ಅಂದಿನಿಂದ ಯಾವ ಗಾಡಿ ಬಂದರೂ ಜಾಕಿಗಿಂತ ಮೊದಲು ಕುರ್ಚಿ ಹಾಕಿ ಗಾಡಿಯವರನ್ನು ಕೂರಿಸಿ ಕೇಳುತ್ತೇನೆ.

ಹೊರಗೆ ಬಂದೆ. ಹಿಂದಿನ ಸೀಟಿನಲ್ಲಿ ಉಮ್ಮಚಗಿಗೆ ಹೊರಟ ತಾಯಿ, ಮಡಿಲಲ್ಲಿ ಕೂಸು. ಇಡೀ ಘಟ್ಟ ಹತ್ತಿ ಬಂದರೂ ಅದಕ್ಕೆ ಎಚ್ಚರವಾಗಿಲ್ಲವೆಂದು ತೋರಿಸಲು ಗಾಡಿ ನಿಲ್ಲಿಸಿದ್ದಾಳೆ ಸಾವಿತ್ರಕ್ಕ. ಕಾರಿನ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನಾಲ್ಕೂ ಚಕ್ರಗಳ ಮೇಲೆ ಮಾತ್ರ ಕೆಂಪು ಧೂಳು. ಅವಳಂಥವಳು ನನ್ನ ಮಾತು ಕೇಳಿ ಆ ಧೂಳನ್ನು ಸಹಿಸಿಕೊಂಡಿದ್ದಾಳೆ ನೋಡಿ, ಏಳನೇ ತರಗತಿಯವನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ.

ಆದರೂ ಮನಸ್ಸು ತಡೆಯದೆ ಒದ್ದೆ ಬಟ್ಟೆ ಹಿಡಿದು ಚಕ್ರದ ಬಳಿ ಬಗ್ಗಿದೆ.

“ತಮ್ಮಾ,” ಎಂದಳು ಕಿಟಕಿಯಿಂದ, ಕೂಸು ಏಳದ ಹಾಗೆ ಮೆಲ್ಲಗೆ, “ಕಾದದ್ಯಾ ಅಂತ ಮೊದ್ಲು ಮುಟ್ಟಿ ನೋಡು.”

ಮುಟ್ಟಿ ನೋಡಿದೆ.