ಅಕ್ಕನ ಅಳತೆಗೆ ಕಟ್ಟಿದ ತೊಟ್ಟಿ

ತೊಟ್ಟಿಯ ಅಳತೆಯನ್ನು ಅಕ್ಕ ತೆಗೆದದ್ದು ರವಿಕೆಗೆ ತೆಗೆದ ಹಾಗೆಯೇ. ಕುರ್ಚಿಯಲ್ಲಿ ಕೂತು, ಇಂಚ್ ಟೇಪಿನ ಒಂದು ತುದಿಯನ್ನು ಗಂಟಲ ಬುಡದಲ್ಲಿ ಹಿಡಿದುಕೊಂಡು, ಇನ್ನೊಂದನ್ನು ಕುರ್ಚಿಯ ಹಲಗೆಯ ತನಕ ಎಳೆಯಲು ನನಗೆ ಹೇಳಿದಳು. ಅದು ಆಳ. ಆಮೇಲೆ ಮಡಚಲು ಬಾರದ ಎಡಗಾಲನ್ನು ಮುಂದಕ್ಕೆ ಚಾಚಿ ಸೊಂಟದಿಂದ ಹಿಮ್ಮಡಿಯವರೆಗೆ ಹಿಡಿಸಿದಳು. ಅದು ಅಗಲ. ಎರಡಕ್ಕೂ ಇಷ್ಟಿಷ್ಟು ಸೇರಿಸಿ, ರವಿಕೆಯ ಪ್ಯಾಟರ್ನ್ ಕತ್ತರಿಸುವ ಕಂದು ಕಾಗದದ ಮೇಲೆ ಚಾಕಿನಿಂದ ದೊಡ್ಡ ವೃತ್ತ ಎಳೆದಳು. ಸೇರಿಸಿದ್ದು ಯಾಕೆ ಎಂದು ಕೇಳಿದೆ.

“ಲೂಸ್ ಬಿಡುವುದು ಬೇಡವಾ? ನೀರು ಎಲ್ಲಿ ಕೂತುಕೊಳ್ಳುವುದು ಮತ್ತೆ?”

ಎಂಬತ್ತರ ದಶಕದ ಆರಂಭದ ಮಾತು ಇದು. ಬಿಜೈಯಲ್ಲಿ ಇಳಿಜಾರಿನ ಮೇಲೆ ನಮ್ಮ ಮನೆ. ಇದ್ದವರು ಅಮ್ಮ, ಅಕ್ಕ, ನಾನು. ಅಕ್ಕ ಮನೆಯಲ್ಲೇ ಹೊಲಿಯುತ್ತಿದ್ದಳು. ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಹೋಟೆಲಿಗೆ ಸೇರಿದ್ದೆ. ಬರವಣಿಗೆ ಎಂದರೆ ನನಗೆ ಹೋಟೆಲಿನ ಕಪ್ಪು ಹಲಗೆಯಲ್ಲಿ ಆ ದಿನದ ತಿಂಡಿಗಳ ಹೆಸರು ಬರೆದದ್ದಷ್ಟೇ ಗೊತ್ತು. ಮನೆಯ ಮಾತು ತುಳು. ಅದನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಅಕ್ಕನ ಬೈಗುಳ ಅರ್ಧ ಖಾರ ಕಳೆದುಕೊಂಡಿದ್ದರೆ ಅದು ನನ್ನ ದೋಷ.

ಚಿಕ್ಕವಳಿದ್ದಾಗ ಅಕ್ಕ ಗೇರುಮರದಿಂದ ಬಿದ್ದಿದ್ದಳು. ಎಡಗಾಲಿನ ಮಂಡಿ ಆಮೇಲೆ ಮಡಚಲೇ ಇಲ್ಲ. ಬಲಗಾಲಿನಿಂದ ಹೊಲಿಗೆ ಯಂತ್ರ ತುಳಿಯುವುದಕ್ಕೆ ಏನೂ ತೊಂದರೆ ಇರಲಿಲ್ಲ, ಊರಿನ ಅರ್ಧ ಮದುಮಕ್ಕಳ ರವಿಕೆ ಅವಳದ್ದೇ. ಆದರೆ ಬಚ್ಚಲಿನ ಗಿಡ್ಡ ಮಣೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಜಾರುವ ಕಲ್ಲಿನ ಮೇಲೆ ನಿಂತು ಮೀಯುವ ಧೈರ್ಯವೂ ಇರಲಿಲ್ಲ. ಹಾಗಾಗಿ ಅವಳನ್ನು ಮೀಯಿಸುವುದು ಅಮ್ಮ. ಒಂದು ಸ್ಟೂಲಿನಲ್ಲಿ ಕೂರಿಸಿ, ಹಂಡೆಯ ನೀರು ಮೊಗೆದು ಹೊಯ್ದು, ಬೆನ್ನು ತಿಕ್ಕಿ, ಕಿವಿಯ ಹಿಂದೆ ಕೂಡ ಬೆರಳು ಹಾಕಿ ತೊಳೆಯುತ್ತಿದ್ದರು. ಅಮ್ಮ ಯಾರದ್ದಾದರೂ ಮದುವೆಗೆಂದು ಊರಿಗೆ ಹೋದರೆ ಅಕ್ಕನಿಗೆ ಸ್ನಾನ ಇಲ್ಲ.

“ಮೂವತ್ತು ದಾಟಿತು ಮಾರಾಯ ನನಗೆ,” ಎಂದಿದ್ದಳು ಒಂದು ದಿನ. “ಒಂದು ಸಲ ಬಾಗಿಲು ಹಾಕಿಕೊಂಡು ಒಬ್ಬಳೇ ಮೀಯಬೇಕು. ಯಾರೂ ನನ್ನ ಕಿವಿ ಮುಟ್ಟಬಾರದು.”

ದಾರಿ ತೋರಿಸಿದ್ದು ಒಂದು ವಿದೇಶಿ ಮ್ಯಾಗಜೀನ್. ಗಂಡ ಹಡಗಿನಲ್ಲಿದ್ದ ಒಬ್ಬ ಗಿರಾಕಿ, ಇದರಲ್ಲಿರುವ ಕಾಲರಿನ ಹಾಗೆ ಹೊಲಿದುಕೊಡು ಎಂದು ಬಿಟ್ಟುಹೋಗಿದ್ದರು. ಕಾಲರಿನ ಹಿಂದಿನ ಪುಟದಲ್ಲಿ ಒಂದು ಹಲಗೆಯ ಜಗಲಿ, ಅದರ ನಡುವೆ ಹಲಗೆಯ ಮಟ್ಟಕ್ಕೇ ಹುಗಿದ ದೊಡ್ಡ ತೊಟ್ಟಿ, ತೊಟ್ಟಿಯ ತುಂಬ ಹಬೆಯಾಡುವ ನೀರು, ಕುತ್ತಿಗೆಯವರೆಗೆ ಮುಳುಗಿ ನಗುತ್ತಾ ಕೂತ ಗಂಡಸರು ಹೆಂಗಸರು. ಅಮ್ಮ ಕನ್ನಡಕ ಹಾಕಿ ನೋಡಿ, ಇವರನ್ನು ಯಾತಕ್ಕೆ ಬೇಯಿಸುತ್ತಿದ್ದಾರೆ ಎಂದು ಕೇಳಿದರು. ಅಕ್ಕ ನೋಡಿದ್ದು ಜನರನ್ನಲ್ಲ, ತೊಟ್ಟಿಯ ಬಾಯಿಯನ್ನು. ಅದು ನೆಲಕ್ಕೆ ಸಮ ಇತ್ತು. ಹತ್ತುವುದು ಇಲ್ಲ, ದಾಟುವುದು ಇಲ್ಲ. ಹಲಗೆಯ ಮೇಲೆ ಕೂತು ಕಾಲು ಆಚೆ ಚಾಚಿ ಜಾರಿದರೆ ಮುಗಿಯಿತು.

ಅಲ್ಲಿಂದ ನಮಗೆ ಹುಚ್ಚೇ ಹಿಡಿಯಿತು. ಮನೆಯ ಹಿಂದೆ, ಬಚ್ಚಲಿನ ಗೋಡೆಯಾಚೆ, ನೆಲ ಒಂದಾಳು ಮಟ್ಟಕ್ಕೆ ತಗ್ಗಿತ್ತು. ಅಲ್ಲಿ ಕೆಂಪುಕಲ್ಲಿನ ಕಂಬ ನಿಲ್ಲಿಸಿ ಮೇಲೆ ಹಲಗೆ ಹಾಸುವುದು, ತೊಟ್ಟಿ ಕೆಳಗಿನ ನೆಲದ ಮೇಲೆ ಕಲ್ಲುಕಟ್ಟೆಯಲ್ಲಿ ನಿಲ್ಲುವುದು, ಅದರ ಬಾಯಿ ಮಾತ್ರ ಹಲಗೆಗೆ ಸರಿಯಾಗಿ ಬರುವುದು ಎಂದು ಅಕ್ಕ ನಿರ್ಧರಿಸಿದಳು. ಬಿಸಿ ಮಾಡುವುದು ಹೇಗೆ ಎಂಬುದಕ್ಕೆ ಮಾವನನ್ನು ಕರೆದೆವು. ಹೋಟೆಲಿನವರಿಗೆ ಎಲ್ಲವೂ ಒಲೆಯೇ. ಕೆಳಗೆ ಜಾಗ ಉಂಟಲ್ಲ, ಅಲ್ಲೇ ಬೆಂಕಿ ಹಾಕುವ ಎಂದರು.

“ಹಲಗೆಯ ಅಡಿಯಲ್ಲಿ ಬೆಂಕಿಯಾ ಮಾವ?” ಎಂದಳು ಅಕ್ಕ.

“ಸಣ್ಣ ಬೆಂಕಿ.”

“ಮತ್ತೆ ಉಪ್ಪು ಹುಳಿ ನೀವೇ ನೋಡುತ್ತೀರಾ?”

ಮಾವ ನಕ್ಕು ನಕ್ಕು ಕೆಮ್ಮಿದರು. ಕೊನೆಗೆ ಅಕ್ಕನೇ ಹೇಳಿದ ದಾರಿ ನಿಂತಿತು. ಹಂಡೆಯಲ್ಲಿಯೂ ಹೋಟೆಲಿನ ದೊಡ್ಡ ಪಾತ್ರೆಗಳಲ್ಲಿಯೂ ನೀರು ಕುದಿಸುವುದು, ಬಚ್ಚಲಿನ ಗೋಡೆಗೆ ತೂತು ಕೊರೆದು ಅಡಿಕೆ ಮರ ಸೀಳಿ ಮಾಡಿದ ದಂಬೆ ಇಡುವುದು, ಒಳಗಿಂದ ಹೊಯ್ದ ನೀರು ದಂಬೆಯಲ್ಲಿ ಹರಿದು ತೊಟ್ಟಿಗೆ ಬೀಳುವುದು.

ತೊಟ್ಟಿಗೆ ನಾವು ತಂದದ್ದು ಬಾವಿಗೆ ಇಳಿಸುವ ಎರಡು ಸಿಮೆಂಟ್ ರಿಂಗ್. ಒಂದರ ಮೇಲೊಂದು ಕೂರಿಸಿ ಅಡಿಗೆ ಸಿಮೆಂಟು ಹಾಕುವುದೆಂದು ಲೆಕ್ಕ. ಲಾರಿಯವನು ನಮ್ಮ ಓಣಿಯ ತಲೆಯಲ್ಲೇ ಇಳಿಸಿ ಹೋದ. ಉರುಟಾದ ವಸ್ತು, ಇಳಿಜಾರಿನ ದಾರಿ. ಉರುಳಿಸಿಕೊಂಡು ಹೋದರಾಯಿತು ಎಂದವನು ನಾನು. ಮೊದಲನೆಯದು ನಾಲ್ಕು ಹೆಜ್ಜೆ ನಮ್ಮೊಡನೆ ಬಂತು, ಮತ್ತೆ ನಮ್ಮನ್ನು ಬಿಟ್ಟು ಹೊರಟಿತು. ಓಣಿಯಲ್ಲಿ ನಾನು, ನನ್ನ ಹಿಂದೆ ಮಾವ ಪಂಚೆ ಎತ್ತಿ ಹಿಡಿದು, ಅವರ ಹಿಂದೆ ಯಾರದ್ದೋ ನಾಯಿ. ಅಕ್ಕ ಗೇಟಿನಲ್ಲಿ ನಿಂತು ದಾರಿ ಬಿಡಿ, ದಾರಿ ಬಿಡಿ ಎಂದು ಕೂಗುತ್ತಿದ್ದಳು. ರಿಂಗ್ ನಮ್ಮ ಗೇಟಿನ ಮುಂದೆಯೇ ಗಂಭೀರವಾಗಿ ಹಾದುಹೋಗಿ, ಕೆಳಗಿನ ಮನೆಯವರು ಒಟ್ಟಿದ್ದ ಬೈಹುಲ್ಲಿನ ಮೆದೆಗೆ ನುಗ್ಗಿ ನಿಂತಿತು. ಆ ಮನೆಯ ಅಜ್ಜಿ ಹೊರಗೆ ಬಂದು ಮೆದೆಯನ್ನೂ ನಮ್ಮನ್ನೂ ನೋಡಿ, ಬಾವಿ ಎಲ್ಲಿ ಎಂದು ಕೇಳಿದರು.

ಹಲಗೆ ತಂದದ್ದು ಉಳ್ಳಾಲದಿಂದ. ಕಡಲಿಗೆ ಹೋಗದ ಒಂದು ಹಳೆಯ ಮೀನಿನ ದೋಣಿಯನ್ನು ಅಲ್ಲಿ ಒಡೆಯುತ್ತಿದ್ದರು. ಕಬ್ಬಿಣದಂಥ ಮರ, ನೀರಿಗೆ ಹೆದರುವುದೇ ಇಲ್ಲ. ಆದರೆ ಎಷ್ಟು ವರ್ಷದ ಬೂತಾಯಿ ಬಂಗುಡೆಯ ವಾಸನೆ ಅದರೊಳಗೆ ಕೂತಿತ್ತೋ! ಹಾಸಿದ ದಿನವೇ ಬಿಜೈಯ ಬೆಕ್ಕುಗಳೆಲ್ಲ ಬಂದವು. ಸಾಲಾಗಿ ಕೂತು, ತೊಟ್ಟಿಯ ಬಾಯಿಯೊಳಗೆ ಇಣುಕಿ, ಮೀನು ಯಾವಾಗ ಎಂಬಂತೆ ನಮ್ಮ ಮುಖ ನೋಡುತ್ತಿದ್ದವು. ಸೀಗೆ ನೀರಿನಲ್ಲಿ ತಿಕ್ಕಿದೆ, ನಿಂಬೆ ತಿಕ್ಕಿದೆ. ಅಮ್ಮನಿಗೆ ಮಾತ್ರ ಆ ವಾಸನೆ ಹಿತವಾಗಿತ್ತು.

ಅಮ್ಮನ ತಕರಾರು ಬೇರೆ. ನಮ್ಮಲ್ಲಿ ಸ್ನಾನ ಎಂದರೆ ಹಂಡೆಯಿಂದ ಮೊಗೆದು ಮೈಮೇಲೆ ಹೊಯ್ದುಕೊಳ್ಳುವುದು. ನೀರೊಳಗೆ ಕೂರುವುದು ಎಮ್ಮೆ. ಒಬ್ಬರು ಕೂತ ನೀರಿಗೆ ಇನ್ನೊಬ್ಬರು ಇಳಿಯುವುದಂತೂ ಆಗದ ಮಾತು. ಬಹಳ ಚರ್ಚೆಯಾಗಿ ಕೊನೆಗೆ ಒಪ್ಪಿದರು. ಷರತ್ತು ಎರಡು. ದೀಪಾವಳಿಗೆ ಹಂಡೆ ತೊಳೆದು, ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬಿಸುವ ಸಂಜೆಯೇ ಇದಕ್ಕೂ ನೀರು ಸೇದಬೇಕು. ಮರುದಿನದ ಎಣ್ಣೆಸ್ನಾನಕ್ಕೆ ಇಳಿಯುವವಳು ಅಕ್ಕ ಒಬ್ಬಳೇ. ಅವಳು ಮಿಂದ ಮೇಲೆ ನೀರು ಬಿಟ್ಟುಬಿಡಬೇಕು.

ಆ ಬೆಳಿಗ್ಗೆ, ಇನ್ನೂ ಬೆಳಕು ಹರಿಯುವ ಮೊದಲೇ, ಅಮ್ಮ ನಮ್ಮಿಬ್ಬರ ತಲೆಗೂ ಮೈಗೂ ಎಣ್ಣೆ ಹಚ್ಚಿದರು. ಅಕ್ಕನ ಎಣ್ಣೆ ಇಂಗಲಿ ಎಂದು ಅವಳನ್ನು ಒಳಗೆ ಕೂರಿಸಿದರು. ನೀರು ತುಂಬಿಸುವ ಕೆಲಸ ನನ್ನದು. ಕುದಿನೀರು ದಂಬೆಯಲ್ಲಿ ಹರಿದು ಬಂತು, ತಣ್ಣೀರು ಬೆರೆಸಿದೆ, ತೊಟ್ಟಿ ಕಂಠದವರೆಗೆ ತುಂಬಿತು. ಹಬೆ ಏಳುತ್ತಿತ್ತು. ಆಚೀಚೆ ಮನೆಗಳಲ್ಲಿ ಪಟಾಕಿ. ಬಿಸಿ ಹದ ಉಂಟಾ ಎಂದು ನೋಡಲು ಕಾಲಿನ ಬೆರಳು ಅದ್ದಿದೆ.

ಹದವಾಗಿತ್ತು.

ಮತ್ತೆ ನಡೆದದ್ದನ್ನು ಹೇಗೆ ಬರೆಯಲಿ. ಮಂಡಿಯವರೆಗೆ ಎಂದುಕೊಂಡೆ. ಪಕ್ಕದ ಮನೆಯಲ್ಲಿ ಒಂದು ದೊಡ್ಡ ಪಟಾಕಿ ಸಿಡಿಯಿತು, ಆ ಸದ್ದಿನಲ್ಲಿ ನಾನು ಪೂರ್ತಿ ಇಳಿದೇಬಿಟ್ಟೆ. ಕುತ್ತಿಗೆಯವರೆಗೆ ಬಿಸಿನೀರು. ಹೋಟೆಲಿನಲ್ಲಿ ದಿನವಿಡೀ ನಿಂತ ನನ್ನ ಕಾಲುಗಳು ಎಲ್ಲಿಗೋ ಹೋದವು. ಬಾಯಿಗೆ ಕೈ ಅಡ್ಡ ಹಿಡಿದು ಒಬ್ಬನೇ ನಕ್ಕೆ. ಆ ಕ್ಷಣದಲ್ಲಿ ಅಕ್ಕನ ನೆನಪು ನನಗೆ ಬರಲಿಲ್ಲ ಎಂಬುದೇ ಸತ್ಯ.

ಹತ್ತಿ ನಿಂತು ನೋಡುತ್ತೇನೆ: ನೀರು ಒಂದು ಗೇಣು ಇಳಿದಿದೆ, ಮೇಲೆಲ್ಲ ನನ್ನ ಮೈಯ ಎಣ್ಣೆ ಕಾಮನಬಿಲ್ಲಿನ ಹಾಗೆ ತೇಲುತ್ತಿದೆ. ತಂಬಿಗೆಯಲ್ಲಿ ಎಣ್ಣೆ ತೆಗೆಯಹೋದರೆ ಅದು ಓಡುತ್ತದೆ. ಹಂಡೆ ಖಾಲಿ, ಪಾತ್ರೆಗಳು ಖಾಲಿ. ಉಳಿದದ್ದು ಬಾವಿ. ಕೊಡದ ಮೇಲೆ ಕೊಡ ತಣ್ಣೀರು ಸೇದಿ ತಂದು, ಎಣ್ಣೆಯೆಲ್ಲ ಬಾಯಿಯಿಂದ ಉಕ್ಕಿ ಹೋಗುವ ತನಕ ಹೊಯ್ದೆ. ಬೆಕ್ಕುಗಳು ಎಲ್ಲವನ್ನೂ ನೋಡಿದವು.

ಅಕ್ಕ ಬಂದಳು. ಹಲಗೆಯ ಸುತ್ತ ಮರೆಗೆ ಕಟ್ಟಿದ್ದ ತೆಂಗಿನ ಮಡಲಿನ ತಟ್ಟಿಯ ಬಾಗಿಲನ್ನು ಒಳಗಿಂದ ಹಾಕಿಕೊಂಡಳು. ಹೊರಗೆ ಅಮ್ಮ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು, ನಾನು ಒದ್ದೆ ಮೈಗೆ ಬೈರಾಸು ಸುತ್ತಿಕೊಂಡು ನಿಂತಿದ್ದೆ. ಬೀಳುತ್ತಾಳೋ ಎಂದು ಅಮ್ಮ ಎರಡು ಸಲ ಕರೆದರು. ಮತ್ತೆ ಮೆಲ್ಲನೆ ನೀರಿನ ಸದ್ದು, ಅದರ ಹಿಂದೆಯೇ ನಗು. ಅಕ್ಕ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಗೇರುಮರ ಹತ್ತುತ್ತಿದ್ದ ಹುಡುಗಿಯ ನಗು ಅದು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಕಿವಿಯ ಹಿಂದೆ ತೊಳೆದುಕೋ ಎಂದು ಕೂಗಿದರು.

ಬಹಳ ಹೊತ್ತಿನ ಮೇಲೆ, ತೊಟ್ಟಿಯ ಮೇಲೆ ಇಳಿಬಿಟ್ಟಿದ್ದ ಹಗ್ಗ ಹಿಡಿದು ತಾನೇ ಮೇಲೆ ಬಂದು, ಸೀರೆ ಸುತ್ತಿಕೊಂಡು ಬಾಗಿಲು ತೆಗೆದಳು. ಮುಖ ಹೊಳೆಯುತ್ತಿತ್ತು, ಆದರೆ ತುಟಿ ಸ್ವಲ್ಪ ನಡುಗುತ್ತಿತ್ತು.

“ನೀರು ಉಗುರುಬೆಚ್ಚಗೆ ಆಗಿತ್ತು. ನೀನು ಸರಿ ಬಿಸಿ ಹೊಯ್ದಿದ್ದೆಯಲ್ಲ?”

“ಹೊಯ್ದಿದ್ದೆ ಅಕ್ಕ.”

ಅದು ಸುಳ್ಳಲ್ಲ. ಅದಕ್ಕೇ ಅಷ್ಟು ಸುಲಭವಾಗಿ ಬಾಯಿಯಿಂದ ಬಂತು. ಅಕ್ಕ ತೊಟ್ಟಿಯ ಅಂಚನ್ನು ಕೈಯಲ್ಲಿ ಸವರಿ ನೋಡಿದಳು. “ಹಾಗಾದರೆ ಸಿಮೆಂಟು ಬಿಸಿಯನ್ನು ಕುಡಿಯುತ್ತದೆ. ಕೆಳಗೆ ಗಾಳಿ ಬೇರೆ. ನನಗೆ ಹೊಳೆಯಲೇ ಇಲ್ಲ ನೋಡು. ನನ್ನ ಕಟ್ಟಿಂಗ್ ತಪ್ಪಿತು.”

ಅಲ್ಲೇ ಹೇಳಬಹುದಿತ್ತು. ನಾನು ಬೈರಾಸನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡೆ.

ತಪ್ಪಿದ ಕಟ್ಟಿಂಗನ್ನು ಹಾಗೇ ಬಿಡುವವಳಲ್ಲ ಅಕ್ಕ. ಮತ್ತೆ ಟೇಪು ತೆಗೆದಳು. ಈ ಸಲ ತೊಟ್ಟಿಗೇ ಕೋಟು. ಮಾವನಿಂದ ಅಕ್ಕಿಯ ಖಾಲಿ ಗೋಣಿಗಳನ್ನು ತರಿಸಿ, ಎರಡು ಪದರಾಗಿ ಹೊಲಿದು, ನಡುವೆ ಭತ್ತದ ಹೊಟ್ಟು ತುಂಬಿಸಿ, ಅದು ಕೆಳಗೆ ಜಾರಿ ಗುಡ್ಡೆಯಾಗದ ಹಾಗೆ ಅಡ್ಡಕ್ಕೆ ಹೊಲಿಗೆ ಹಾಕಿದಳು. ಗೋಣಿಗೆ ಸೂಜಿಗಳು ಕಟಕಟ ಮುರಿದವು. ಮದುವೆಯ ರವಿಕೆಗಳು ಮೂಲೆಯಲ್ಲಿ ಕಾದವು, ಗಿರಾಕಿಗಳು ಬಂದು ಬೈದು ಹೋದರು. ನಾನು ಹೊಟ್ಟು ತುಂಬಿಸುತ್ತಾ, ಸೀನುತ್ತಾ, ಅವಳ ಬಲಗಾಲು ಯಂತ್ರ ತುಳಿಯುವುದನ್ನು ನೋಡುತ್ತಾ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಕೋಟು ಮುಗಿದಾಗ ಮುಂದುಗಡೆ ತೆಂಗಿನ ಚಿಪ್ಪಿನ ದೊಡ್ಡ ಗುಂಡಿಗಳನ್ನೂ ಇಟ್ಟಳು. ಕೆಳಗೆ ಇಳಿದು ತೊಡಿಸಿದವನು ನಾನೇ. ತೊಟ್ಟಿ ಸೀಮಂತಕ್ಕೆ ಕೂತ ಹೆಂಗಸಿನ ಹಾಗೆ ಕಾಣುತ್ತಿತ್ತು. ನೋಡಲು ಬಂದ ಮಾವ, ತೊಟ್ಟಿಗೆ ಯಾವಾಗ ತಿಂಗಳು ತುಂಬುವುದು ಎಂದು ಕೇಳಿದರು.

ಮುಂದಿನ ಸ್ನಾನದಲ್ಲಿ ನೀರು ಸುಡುಸುಡು. ಸುಡುವುದೇ, ನಾನು ಇಳಿದಿರಲಿಲ್ಲವಲ್ಲ. ಅಕ್ಕ ಕೋಟನ್ನು ಹೊಗಳಿದಳು, ಅಮ್ಮ ಅಕ್ಕನನ್ನು ಹೊಗಳಿದರು. ಕೋಟಿನಿಂದ ಉಪಯೋಗ ಇತ್ತು, ಬೆಳಗ್ಗಿನ ನೀರು ಮಧ್ಯಾಹ್ನಕ್ಕೂ ಬೆಚ್ಚಗಿರುತ್ತಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅವಳು ಅಂದು ಕೋಟು ಹೊಲಿದದ್ದು ತೊಟ್ಟಿಗಲ್ಲ, ನನ್ನ ಸುಳ್ಳಿಗೆ.

ಅಮ್ಮ ಈಗ ಇಲ್ಲ. ಹಲಗೆಗಳು ಈಗಲೂ ಗಟ್ಟಿ, ಮಳೆ ಬಂದರೆ ಬಂಗುಡೆಯ ವಾಸನೆ ಈಗಲೂ ಏಳುತ್ತದೆ. ಅಕ್ಕ ಈಗಲೂ ಬಾಗಿಲು ಹಾಕಿಕೊಂಡು ಒಬ್ಬಳೇ ಮೀಯುತ್ತಾಳೆ. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿದ್ದಾಳೆ. ಮೊನ್ನೆ ನನ್ನ ಮಗಳು, ಅತ್ತೆ, ನೀನು ಕತ್ತರಿಸಿದ್ದು ಯಾವತ್ತೂ ತಪ್ಪಿಲ್ಲವಂತೆ ಎಂದಳು. ಅಕ್ಕ ತಲೆಯಾಡಿಸಿ, ಒಂದು ತಪ್ಪಿತ್ತು, ಆ ತೊಟ್ಟಿಯದ್ದು ಎಂದಳು. ನಾನು ಬನ್ಸ್ ತಿನ್ನುತ್ತಿದ್ದೆ. ಅರ್ಧಕ್ಕೇ ಬಿಟ್ಟು ಎದ್ದು, ಇದನ್ನು ಬರೆಯಲು ಕೂತೆ.

ಅಕ್ಕ, ಅದು ತಪ್ಪಿರಲಿಲ್ಲ. ಆಳ ಸರಿ, ಅಗಲ ಸರಿ, ಲೂಸ್ ಕೂಡ ಸರಿ. ಬಿಸಿಯನ್ನು ಕುಡಿದದ್ದು ಸಿಮೆಂಟಲ್ಲ, ನಾನು. ನಿನ್ನ ಅಳತೆಗೆ ಕಟ್ಟಿದ್ದರಲ್ಲಿ ನಿನಗಿಂತ ಮೊದಲು ನಾನು ಕೂತೆ, ನಾನು ಕೂತ ನೀರಿನಲ್ಲಿ ನಿನ್ನನ್ನು ಕೂರಿಸಿದೆ. ಇದನ್ನು ಮಗಳು ನಿನಗೆ ಓದಿ ಹೇಳುತ್ತಾಳೆ. ಆಗ ನಾನು ಹಿತ್ತಿಲಿನಲ್ಲಿ ಬಸಳೆ ಚಪ್ಪರದ ಆಚೆ ಇರುತ್ತೇನೆ. ನಿನ್ನ ಊರುಗೋಲು ಅಲ್ಲಿಯವರೆಗೆ ಎಟಕುವುದಿಲ್ಲ, ಬೈದರೆ ಮಾತ್ರ ಕೇಳಿಸುತ್ತದೆ.