ಓಡಲಿ ಅಂದಿದ್ದರು

ಭಾಗಮ್ಮಾ, ಆ ದಿನ ಡಾಕ್ಟರು ಹುಷಾರಾಗಿರಲಿ ಅಂದಿರಲಿಲ್ಲ. ಓಡಲಿ ಅಂದಿದ್ದರು. ನಾನು ನಿನ್ನ ಮುಖ ನೋಡಿಯೇ ಸುಳ್ಳು ಹೇಳಿದೆ.

ಹೋದ ತಿಂಗಳು ಸೊನ್ನದಲ್ಲಿ ನಿನ್ನ ಮನೆಗೆ ಬಂದಾಗ ಒಪ್ಪಿಕೊಂಡದ್ದು ಅರ್ಧ ಮಾತ್ರ. ಉಳಿದದ್ದನ್ನು ನುಂಗಿಕೊಂಡು ಆಳಂದದ ಬಸ್ಸು ಹತ್ತಿದೆ. ನೌಕರಿ ಇದ್ದಷ್ಟು ದಿನ ಊರಿಗೆಲ್ಲ ಕಹಿ ಔಷಧಿ ಕುಡಿಸಿದವಳಿಗೆ ಒಂದು ಕಹಿ ಮಾತು ಆಡುವ ಧೈರ್ಯ ಬರಲಿಲ್ಲ — ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ನೆಲೋಗಿಗೆ ನರ್ಸಾಗಿ ಬಂದ ಹೊಸತು. ನಿಮ್ಮ ಶಾಲೆಯಲ್ಲಿ ಮಕ್ಕಳ ತಪಾಸಣೆ ಇತ್ತು. ನೀನು ಒಂಬತ್ತನೇ ಇಯತ್ತೆ. ಉಳಿದ ಹುಡುಗಿಯರ ನಾಡಿ ಲಗುಬಗೆಯಿಂದ ಬಡಿಯುತ್ತಿತ್ತು. ನಿನ್ನದು — ಒಂದು ಬಡಿತ, ಬೆರಳನ್ನೇ ಎತ್ತುವಷ್ಟು ಗಟ್ಟಿ — ಆಮೇಲೆ ಸುಮ್ಮನೆ. ಮುಂದಿನ ಬಡಿತ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ನಾಡಿ ನಿಧಾನವಾದರೆ ಅದು ಕಾಯಿಲೆ, ನನಗೆ ಗೊತ್ತಿದ್ದದ್ದು ಅಷ್ಟೇ. ನೀನೋ, ಖೋಖೋ ಅರ್ಧಕ್ಕೆ ಬಿಟ್ಟು ಬಂದದ್ದಕ್ಕೆ ಚಡಪಡಿಸುತ್ತಿದ್ದೆ. ಹೊಲಕ್ಕಾಗಲಿ ಶಾಲೆಗಾಗಲಿ ಇವಳು ನಡೆದು ಹೋದದ್ದನ್ನು ಯಾರೂ ಕಂಡಿಲ್ಲ, ಯಾವಾಗಲೂ ಓಟವೇ ಎಂದು ನಿಮ್ಮ ಮಾಸ್ತರರು ನಕ್ಕರು. ಅದೂ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಸಂಜೆ ನಿಮ್ಮ ಅಪ್ಪನ ಮುಂದೆ ಹೇಳಿದೆ.

“ಹುಡುಗಿ ಎದಿ ಕಮಜೋರ ಅದರಿ. ಓಡಸಬ್ಯಾಡ್ರಿ.”

ಕಲಬುರಗಿಗೆ ಒಯ್ದು ತೋರಿಸಿ ಎಂದೂ ಅಂದೆ. ಓಡದೆ ಸುಮ್ಮನೆ ಕೂತರೆ ಅಪಾಯವಿಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಹೆಣ್ಣು ಹುಡುಗಿಯನ್ನು ಕೂಡಿಸಲು ಯಾರಿಗೂ ಹೆಚ್ಚು ಕಾರಣ ಬೇಕಾಗುವುದಿಲ್ಲ, ನಾನು ಒಂದನ್ನು ಒದಗಿಸಿಕೊಟ್ಟೆ.

ಇಲ್ಲಿಯವರೆಗಿನದು ತಿಳಿಯದೆ ಆದ ತಪ್ಪು. ಮುಂದಿನದು ಹಾಗಲ್ಲ.

ಸ್ವಲ್ಪ ದಿನಕ್ಕೆ ಲಸಿಕೆ ಹಾಕಲು ಮತ್ತೆ ಶಾಲೆಗೆ ಬಂದೆವು. ಜೊತೆಗೆ ಡಾಕ್ಟರಿದ್ದರು, ಬೇರೆ ರಾಜ್ಯದವರು, ಕನ್ನಡ ಬಾರದು. ನಾನೇ ಕಂಡುಹಿಡಿದ ರೋಗ ಎಂಬ ಹೆಮ್ಮೆಯಿಂದ ನಿನ್ನನ್ನು ಅವರ ಮುಂದೆ ನಿಲ್ಲಿಸಿದೆ. ಅವರು ಬಹಳ ಹೊತ್ತು ಎದೆ ಕೇಳಿದರು. ಮೆಟ್ಟಿಲು ಹತ್ತಿಳಿಸಿ ಮತ್ತೆ ಕೇಳಿದರು. ಆಮೇಲೆ ನಗುತ್ತ ಸ್ಟೆತಸ್ಕೋಪನ್ನು ನನ್ನ ಕಿವಿಗೆ ಇಟ್ಟರು.

ಭಾಗಮ್ಮಾ, ಅಂಥ ಸದ್ದನ್ನು ನಾನು ಆಮೇಲೆ ಕೇಳಿದ್ದು ಕಡಿಮೆ. ಹತ್ತಿಳಿದ ದಣಿವಿಗೆ ಜೋರಾಗಿ ಎದ್ದ ಬಡಿತ ನಾನು ಕೇಳುತ್ತಿದ್ದಂತೆಯೇ ಇಳಿಯಿತು, ತನ್ನ ನಿಧಾನಕ್ಕೆ ತಾನೇ ಮರಳಿತು. ದಿನಾ ಓಡುವ ಮಕ್ಕಳ ಹೃದಯ ಹೀಗೆ ಬಲಿಯುತ್ತದೆ, ಒಂದೇ ಬಡಿತಕ್ಕೆ ಬೇಕಾದಷ್ಟು ರಕ್ತ ದೂಡುತ್ತದೆ, ಅದಕ್ಕೇ ಅವಸರವಿಲ್ಲ ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸಿದರು. ನನ್ನ ಮೈ ಜುಮ್ಮೆಂದಿತು. ಯಾರೂ ಕಲಿಸದೆ, ಜೋಳದ ರೊಟ್ಟಿ ತಿಂದು, ಹೊಲದ ದಾರಿಯಲ್ಲಿ ಹುಡುಗಿಯೊಬ್ಬಳು ಇಂಥದ್ದೊಂದನ್ನು ತನ್ನೊಳಗೆ ಕಟ್ಟಿಕೊಂಡಿದ್ದಳು! ಅವಳಿಗೆ ಹೇಳಿ, ಓಡಲಿ ಎಂದರು ಡಾಕ್ಟರು.

“ಅವ್ರು ಏನಂದ್ರರಿ, ಸಿಸ್ಟರ್?” ಎಂದು ನೀನು ಕೇಳಿದೆ.

ಅಷ್ಟರಲ್ಲಿ ನಿಮ್ಮ ಅಪ್ಪ, ಸಿಸ್ಟರ್ ನನ್ನ ಮಗಳ ಜೀವ ಉಳಿಸಿದರು ಎಂದು ಊರಿಗೆಲ್ಲ ಹೇಳಿ ಆಗಿತ್ತು. ಕಂಡವರೆಲ್ಲ ನನಗೆ ಕೈಮುಗಿಯುತ್ತಿದ್ದರು. ಹೊಸಬಳು ನಾನು, ಆ ಕೈಮುಗಿತದ ರುಚಿ —

“ಹುಷಾರ್ಲೆ ಇರು ಅಂದ್ರವಾ.”

ನನ್ನ ಮಾತು ತಿಳಿಯದ ಡಾಕ್ಟರು ನಿನ್ನ ಕಡೆ ನೋಡಿ ಹೌದೆಂದು ತಲೆಯಾಡಿಸಿದರು. ನೀನೂ ತಲೆಯಾಡಿಸಿದೆ. ಮರುದಿನವೂ ನೀನು ಖೋಖೋ ಆಡುವವರ ಚಪ್ಪಲಿ ಕಾಯುತ್ತ ಗೋಡೆಗೆ ಒರಗಿ ಕೂತೆ. ವರ್ಗವಾಗುವವರೆಗೂ ಆ ದಾರಿಯಲ್ಲೇ ಓಡಾಡಿದೆ ನಾನು, ಒಂದು ದಿನವೂ ನಿಲ್ಲಲಿಲ್ಲ.

ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಕಾಲಿಗೆ ಬಿದ್ದೆ, ಮನೆಗೆ ಕರೆದೊಯ್ದೆ. ಮಗಳನ್ನು ಓಟದ ಸ್ಪರ್ಧೆಗೆ ಆರಿಸಿದ್ದಾರೆ, ಕಳಿಸುವುದಿಲ್ಲ ಎಂದೆ. ನನ್ನ ಎದೆಯೇ ಅವಳಿಗೂ ಬಂದಿದ್ದರೆ ಎಂದು ನೀನು ಹೆದರಿದ್ದೆ. ಇಷ್ಟು ವರ್ಷ ಮೆಟ್ಟಿಲಿಗೆ ಹೆದರಿದ್ದು, ಹೆರಿಗೆಗೆ ಹೆದರಿದ್ದು, ಎಲ್ಲವನ್ನೂ ನಗುನಗುತ್ತ ಹೇಳಿದೆ. ಆ ನಗುವಿನ ಮುಂದೆ ನನಗೆ ಕೂರಲಾಗಲಿಲ್ಲ. ಹುಡುಗಿಯನ್ನು ಡಾಕ್ಟರಿಗೆ ಒಮ್ಮೆ ತೋರಿಸಿ ಓಡಲು ಬಿಡು, ನಿನ್ನ ಎದೆ ಗಟ್ಟಿಯೇ ಇತ್ತು, ನಾನೇ ತಪ್ಪು ತಿಳಿದಿದ್ದೆ ಎಂದೆ.

ನೀನು ಎದ್ದು ಕಾಲುವೆಯ ದಾರಿಗೆ ಹೋದೆ. ಸ್ವಲ್ಪ ದೂರ ನಡೆದೆ, ಆಮೇಲೆ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು — ಓಡಿದೆ. ಮಗಳು ಬಾಗಿಲಲ್ಲಿ ಬಾಯಿ ತೆರೆದು ನಿಂತಳು. ನಾನೂ. ಇಷ್ಟು ಕಾಲ ಹೆದರಿಸಿ ಮೂಲೆಗೆ ಕೂಡಿಸಿದ್ದರೂ ಆ ಹೃದಯ ನೀನು ಕರೆದ ಕೂಡಲೇ ಎದ್ದು ಬಂದಿತ್ತು. ಮುಖ ಕೆಂಪಾಗಿ, ಏದುಸಿರು ಬಿಡುತ್ತ ಹಿಂದಿರುಗಿದೆ.

“ಏನೂ ಆಗಲಿಲ್ಲ ನೋಡ್ರಿ,” ಎಂದೆ. ಕಣ್ಣು ತುಂಬಿತ್ತು. ಆಮೇಲೆ ನನ್ನನ್ನೇ ಸಮಾಧಾನ ಮಾಡಿದೆ: “ಹೋಗ್ಲಿ ಬಿಡ್ರಿ ಸಿಸ್ಟರ್, ಆಗ ನಿಮಗರ ಏನ್ ಗೊತ್ತಿತ್ತು.”

ನಾನು ಚಹಾ ಕುಡಿದು ಎದ್ದು ಬಂದೆ.

ಈ ವಾರ ಮತ್ತೆ ಬರುತ್ತೇನೆ. ಹುಡುಗಿ ಶಾಲೆಯಿಂದ ಬರುವವರೆಗೆ ಕಾಯುತ್ತೇನೆ, ಅವಳೆದುರೇ ಹೇಳುತ್ತೇನೆ. ನನಗೆ ಗೊತ್ತಿತ್ತು, ಭಾಗಮ್ಮಾ. ನಿನ್ನ ಹೃದಯವನ್ನು ನನ್ನ ಕಿವಿಯಾರೆ ಕೇಳಿದ್ದೆ.