ಬೇವಿನ ಬದುವಿನ ಸಾಲು

ನಾನು ಸೊಸೆಯಾಗಿ ಬಂದಾಗ ಆ ಮನೆಯ ಅಂಗಳದಲ್ಲಿ ದೊಡ್ಡದೊಂದು ಮರಳಿನ ರಾಶಿ ಇತ್ತು. ಸ್ಲ್ಯಾಬಿನ ಮನೆ ಕಟ್ಟಿಸಬೇಕೆಂದು ನನ್ನ ಗಂಡ ತರಿಸಿ ಹಾಕಿದ್ದ ಮರಳು. ಮನೆ ಇನ್ನೂ ಅವರ ತಲೆಯೊಳಗೇ ಇತ್ತು, ಮರಳಿನಲ್ಲಿ ಕೋಳಿಗಳು ಹೊರಳಾಡುತ್ತಿದ್ದವು. ಸಂಜೆ ಹೊತ್ತು ಅವರು ಆ ರಾಶಿಯ ಪಕ್ಕ ನಿಂತು, ಇಲ್ಲಿ ಪಡಸಾಲೆ, ಇಲ್ಲಿ ಮೆಟ್ಟಿಲು ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ತಗಡಿನ ಕೆಳಗೆ ಬೇಸಿಗೆ ಕಳೆದವರಿಗೆ ಆ ಆಸೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಗವಾಡದ ಕಡೆ ಎಲ್ಲಿ ನೋಡಿದರೂ ದ್ರಾಕ್ಷಿಯ ಚಪ್ಪರ ಏಳುತ್ತಿತ್ತು. ದ್ರಾಕ್ಷಿ ಹಾಕಿದವರ ಮನೆಗಳು ಒಂದೊಂದಾಗಿ ತಗಡು ಇಳಿಸಿ ಸ್ಲ್ಯಾಬು ಹಾಕಿಸಿಕೊಳ್ಳುತ್ತಿದ್ದವು. ಊರಿನಲ್ಲಿ ನಮ್ಮಂಥ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಮಾವನವರು ತೀರಿಹೋಗಿದ್ದರು. ಅತ್ತೆ, ಗಂಡ, ನಾನು, ಜೊತೆಗೆ ಮನೆಗೆ ಹೊಂದಿಕೊಂಡ ಒಂದು ತುಂಡು ದ್ರಾಕ್ಷಿ ತೋಟ, ಇಷ್ಟೇ ನಮ್ಮ ಸಂಸಾರ.

ಮನೆಯಲ್ಲಿ ಒಂದು ಪದ್ಧತಿ ಇತ್ತು. ಕಾಯಿ ಇನ್ನೂ ಜೋಳದ ಕಾಳಿನಷ್ಟಿರುವಾಗಲೇ ಒಂದು ಸಾಲನ್ನು ದೇವರಿಗೆ ಬಿಡುವುದು. ಅತ್ತೆ ತಮ್ಮ ಹಳೆಯ ಬಿಳಿ ಸೀರೆಯನ್ನು ಹರಿದು, ಆ ಸಾಲಿನ ಕಂಬಗಳಿಗೆ ಪಟ್ಟಿ ಕಟ್ಟುತ್ತಿದ್ದರು. ಆ ಸಾಲಿನ ಹಣ್ಣು ಪೇಟೆಗೆ ಹೋಗುತ್ತಿರಲಿಲ್ಲ. ಒಂದು ಬುಟ್ಟಿ ಭಾನುವಾರದ ಆರಾಧನೆಗೆ, ಉಳಿದದ್ದು ಊರಿನ ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ. ಯಾವ ದೇವರನ್ನು ಪೂಜಿಸುವವರು ಎಂದು ಅತ್ತೆ ಯಾರನ್ನೂ ಕೇಳುತ್ತಿರಲಿಲ್ಲ. ಕಟ್ಟಿದ ಪಟ್ಟಿಯನ್ನು ಬಿಚ್ಚಬಾರದು ಎನ್ನುವುದೊಂದೇ ನಿಯಮ.

"ಹಣ್ಣಾದ ಮ್ಯಾಲ ಯಾಕ ಕಟ್ಟಬಾರದ್ರಿ ಅತ್ತಿ? ಆಗ ಯಾ ಸಾಲು ಹೆಂಗ ಬಂದೈತಿ ಅಂತ ಗೊತ್ತಿರತೈತಿ" ಎಂದು ಮೊದಲ ವರ್ಷ ಕೇಳಿದ್ದೆ.

"ಅದಕ್ಕ ಬೇ ಈಗ ಕಟ್ಟೂದು" ಎಂದರು ಅತ್ತೆ. "ಗೊತ್ತಾದ ಮ್ಯಾಲ ಕೈ ಹಿಂದ ಸರೀತೈತಿ."

ಅದೇ ದಿನಗಳಲ್ಲಿ ಹೆಚ್ಚಾದ ಗೊಂಚಲುಗಳನ್ನು ಕತ್ತರಿಸಿ ತೆಗೆಯುವ ಕೆಲಸವೂ ನಡೆಯುತ್ತದೆ. ನನಗೆ ಕತ್ತರಿ ಆಡಿಸಲು ಕೈಯೇ ಬರುತ್ತಿರಲಿಲ್ಲ. ಇಷ್ಟು ಚೆಂದದ ಕಾಯಿಯನ್ನು ನೆಲಕ್ಕೆ ಬೀಳಿಸುವುದೇ? ಕದ್ದು ನಾಲ್ಕು ಉಳಿಸಿದರೆ ಅತ್ತೆ ಹಿಂದಿನಿಂದ ಬಂದು ಮೂರು ಕತ್ತರಿಸುತ್ತಿದ್ದರು. "ಬಳ್ಳಿ ಹೊರೂವಷ್ಟ ಬಿಡಬೇಕು. ಎಲ್ಲಾ ಬೇಕಂದ್ರ ಒಂದೂ ರುಚಿ ಹತ್ತೂದಿಲ್ಲ." ಭಾನುವಾರ ಅಥಣಿ ಕಡೆಯಿಂದ ಬರುತ್ತಿದ್ದ ಪಾಸ್ಟರು ಬಳ್ಳಿಯ ಬಗ್ಗೆ, ಫಲ ಕೊಡುವ ಕೊಂಬೆಯ ಬಗ್ಗೆ ಬೋಧಿಸುವಾಗ, ಅಷ್ಟೇನು ಹೊಸ ಮಾತು, ನಮ್ಮ ಅತ್ತೆ ಇದನ್ನೇ ಬೈದು ಕಲಿಸುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು.

ಅತ್ತೆ ಪ್ರತಿ ವರ್ಷ ಪಟ್ಟಿ ಕಟ್ಟುತ್ತಿದ್ದದ್ದು ಬಾವಿಯ ಪಕ್ಕದ ಸಾಲಿಗೆ. ತೋಟದಲ್ಲೆಲ್ಲ ಅತಿ ಸಿಹಿಯಾದ ಸಾಲು ಅದು. ಎರಡನೆಯ ವರ್ಷ ಅವರ ಮೊಣಕಾಲು ಹಿಡಿದುಕೊಂಡವು. ಬಟ್ಟೆಯ ಸುರುಳಿಯನ್ನು ಮಗನ ಕೈಗಿಟ್ಟು, "ಈ ಸಲ ನೀನ ಕಟ್ಟಿ ಬಾರಪಾ" ಎಂದರು.

ನನ್ನ ಗಂಡ ಕೆಟ್ಟವರಲ್ಲ, ಲೆಕ್ಕದವರು. ಪಡುವಣ ಬದುವಿನ ಮೇಲೆ ಬೇವಿನ ಮರಗಳ ದಟ್ಟ ಸಾಲಿತ್ತು. ಅದರ ಬುಡದ ಬಳ್ಳಿಗಳಿಗೆ ಮಧ್ಯಾಹ್ನದ ಮೇಲೆ ಬಿಸಿಲಿಲ್ಲ. ಹಣ್ಣು ತಡವಾಗಿ ಬರುತ್ತಿತ್ತು, ಬಂದರೂ ಹುಳಿ. ಪಟ್ಟಿಗಳನ್ನು ಒಯ್ದು ಅಲ್ಲಿಗೆ ಕಟ್ಟಿಬಂದರು. "ದೇವರಿಗೆ ಬಿಸಿಲ ತಾಗಬಾರದು, ನೆರಳಾಗ ಇರ್ಲಿ" ಎಂದು ಮೆಲ್ಲಗೆ ಹೇಳಿ ನನ್ನ ಕಡೆ ಕಣ್ಣು ಮಿಟುಕಿಸಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ತೋಟದ ಆ ತುದಿಯನ್ನು ಸ್ವಲ್ಪ ಹೊತ್ತು ನೋಡಿದರು. "ಕಟ್ಟಿದಿ ಹೌದಲ್ಲ? ಆತು. ಇನ್ನ ಬಿಚ್ಚಬ್ಯಾಡ" ಎಂದಷ್ಟೇ ಹೇಳಿದರು.

ಆ ವರ್ಷ ಹಣ್ಣು ತೂಗಾಡಿದ್ದೇ ತೂಗಾಡಿದ್ದು. ಇನ್ನೇನು ಕೊಯ್ಲು ಎನ್ನುವಾಗ ಒಂದು ಮಧ್ಯಾಹ್ನ ಪಡುವಣ ಕಪ್ಪಾಯಿತು. ಗಾಳಿ ಬೀಸಿ, ಅದರ ಬೆನ್ನಿಗೇ ಆಣೆಕಲ್ಲಿನ ಮಳೆ. ತಗಡಿನ ಮೇಲೆ ಬಿದ್ದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದಾಯಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ತೋಟವೆಲ್ಲ ರಸ. ಗೊಂಚಲುಗಳು ಒಡೆದು, ಎಲೆಗಳು ಚಿಂದಿಯಾಗಿ, ಬಾವಿಯ ಪಕ್ಕದ ಆ ಸಕ್ಕರೆಯಂಥ ಸಾಲು ಕೆಸರಿನಲ್ಲಿ ಬಿದ್ದಿತ್ತು. ನನ್ನ ಗಂಡ ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

ಒಂದೇ ಒಂದು ಸಾಲು ಉಳಿದಿತ್ತು. ಪಡುವಣದಿಂದ ಓರೆಯಾಗಿ ಬಂದ ಕಲ್ಲುಗಳನ್ನು ಬೇವಿನ ಮರಗಳು ತಮ್ಮ ಮೈಮೇಲೆ ಹಾಕಿಕೊಂಡಿದ್ದವು. ಅವುಗಳ ಬುಡದಲ್ಲಿ ಗೊಂಚಲುಗಳು ತಣ್ಣಗೆ ನೇತಾಡುತ್ತಿದ್ದವು, ಕಂಬಗಳ ಮೇಲೆ ಬಿಳಿ ಪಟ್ಟಿ.

ಸುತ್ತಲಿನ ತೋಟಗಳಿಗೂ ಅದೇ ಗತಿಯಾಗಿತ್ತು. ಹೀಗಾಗಿ ಹುಳಿ ಹಣ್ಣಿಗೂ ಬಂಗಾರದ ಬೆಲೆ. ಪ್ರತಿ ವರ್ಷ ನಮ್ಮ ಹಣ್ಣು ಒಯ್ಯುತ್ತಿದ್ದ ಕುಡಚಿಯ ಮುಸಲ್ಮಾನ ವ್ಯಾಪಾರಿ ಮರುದಿನವೇ ಬಂದರು. ಬೇವಿನ ಬದುವಿಗೆ ಹೋಗಿ ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿ, "ಇದನ್ನ ನನಗ ಕೊಡ್ರಿ, ನೀವು ಕೇಳಿದ್ದ ಬೆಲಿ" ಎಂದರು. ಆಮೇಲೆ ಅವರ ಕಣ್ಣು ಪಟ್ಟಿಯ ಮೇಲೆ ಬಿತ್ತು. ಪದ್ಧತಿ ಅವರಿಗೂ ಗೊತ್ತಿದ್ದದ್ದೇ. ಗೊಂಚಲನ್ನು ಮೆಲ್ಲಗೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. "ತಪ್ಪಾತ್ರಿ. ಇದಕ್ಕ ನಾ ಬೆಲಿ ಕಟ್ಟೂದಿಲ್ಲ. ಬ್ಯಾರೆ ಯಾರರ ಕಟ್ಟತಾರ, ಅದು ನಿಮ್ಮ ಮಾತು."

ಬೇರೆಯವರೂ ಬಂದರು. ನನ್ನ ಗಂಡ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನನಗೋ ಸಿಟ್ಟು. ದೇವರ ಮೇಲೋ, ಅತ್ತೆಯ ಮೇಲೋ, ಆ ಬೇವಿನ ಮರಗಳ ಮೇಲೋ, ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈ ವರ್ಷ ಇದೊಂದು ಸಾಲು ಬಿಟ್ಟರೆ ಸ್ಲ್ಯಾಬಿನ ಮಾತು ಮುಗಿದಂತೆಯೇ. ಅತ್ತೆ ಬೈದಿದ್ದರೆ ನಾವಿಬ್ಬರೂ ಜಗಳ ಮಾಡಿ ಹಗುರಾಗುತ್ತಿದ್ದೆವು. ಅವರು ಎಂದಿನಂತೆ ಜೋಳದ ರೊಟ್ಟಿ ಬಡಿದರು, ಎಂದಿನಂತೆ ಕೈ ಜೋಡಿಸಿ ಪ್ರಾರ್ಥನೆ ಮಾಡಿದರು. ಆ ಪ್ರಾರ್ಥನೆಯಲ್ಲಿ ಉಳಿದ ಸಾಲಿಗಾಗಿ ದೇವರಿಗೆ ಸ್ತೋತ್ರ ಹೇಳಿದಾಗ ನನ್ನ ಗಂಡ ಕಣ್ಣು ಬಿಟ್ಟು ತಾಯಿಯನ್ನು ನೋಡಿದ್ದನ್ನು ನಾನು ಕಂಡೆ. ನಾನೂ ಕಣ್ಣು ಮುಚ್ಚಿರಲಿಲ್ಲವಲ್ಲ.

ಬೆಳಿಗ್ಗೆ ನನ್ನ ಗಂಡ ಕತ್ತರಿ ತೆಗೆದುಕೊಂಡು ತೋಟಕ್ಕೆ ಹೊರಟರು. ಪಟ್ಟಿ ಬಿಚ್ಚಲು ಹೊರಟರೆಂದೇ ತಿಳಿದು ಹಿಂದೆ ಹೋದೆ. ಅವರು ಬುಟ್ಟಿ ತುಂಬಿಸಿ ನನ್ನ ತಲೆಗೊಂದು ಹೊರಿಸಿ, ತಾವೊಂದು ಹೊತ್ತು, "ನಡಿ, ಹಂಚೂಣು" ಎಂದರು.

ಮೊದಲು ಹೋದದ್ದು ಹಿಂದಿನ ಓಣಿಯ ಮುದುಕಿಯ ಮನೆಗೆ. ಬಹುಕಾಲದಿಂದ ಹಾಸಿಗೆ ಹಿಡಿದ ಜೀವ. ಒಂದು ಹಣ್ಣು ಬಾಯಿಗೆ ಹಾಕಿಕೊಂಡದ್ದೇ ಅವಳ ಮುಖ ಕಿವಿಚಿತು. ಆದರೂ ನುಂಗಿ, ನನ್ನ ಗಂಡನ ಕೈ ಹಿಡಿದುಕೊಂಡಳು.

"ನಿಮ್ಮ ಹಣ್ಣು ವರ್ಷಾ ಸಕ್ಕರಿ ಇರತಿತ್ತಪಾ. ಪಾಪ, ದೇವರ ಸಾಲು ಅಂತ ಚಲೋದನ್ನ ಹುಡುಕಿ ಬಿಟ್ಟಿರತೀರಿ, ಆ ಹಾಳ ಆಣಿಕಲ್ಲಿಗೆ ಹುಳಿ ಆಗೇತಿ. ನೀ ಮನಸಿಗಿ ಹಚ್ಗೋಬ್ಯಾಡ. ನಿನ್ನ ಹೊಟ್ಟಿ ತಣ್ಣಗಿರಲಿ."

ನನ್ನ ಗಂಡ ಮೆಲ್ಲಗೆ ಕೈ ಬಿಡಿಸಿಕೊಂಡು ಬುಟ್ಟಿ ಎತ್ತಿಕೊಂಡರು. ಬುಟ್ಟಿಗಳು ಬರಿದಾಗುವವರೆಗೆ ಮನೆ ಮನೆಗೆ ಹೋದೆವು. ಎಲ್ಲ ಕಡೆಯೂ ಹಣ್ಣಿನ ಹುಳಿಗೆ ಜನ ಆಣೆಕಲ್ಲನ್ನೇ ಬೈದರು.

ಮರಳಿನ ರಾಶಿ ಆ ಮಳೆಗಾಲದಲ್ಲಿ ಅರ್ಧ ಹರಿದುಹೋಯಿತು. ತಗಡಿನ ಕೆಳಗೆ ಇನ್ನೂ ಹಲವು ಬೇಸಿಗೆ ಕಳೆದೆವು, ನನ್ನ ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಅಂಬೆಗಾಲಿಟ್ಟರು. ಸೆಕೆಗೆ ನಾನು ಗೊಣಗಿದ್ದುಂಟು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಬಾಣಂತಿಯಾದಾಗ ಯಾರ್‍ಯಾರದೋ ಮನೆಗಳಿಂದ ತುಪ್ಪ, ಒಣಕೊಬ್ಬರಿ, ಬಾಣಂತಿ ಉಂಡೆಗೆ ಹಾಕುವ ಅಳ್ಳಿಕಾಳು ನಮ್ಮ ಹೊಸ್ತಿಲಿಗೆ ಬಂದವು. ಅದನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ.

ಮರುವರ್ಷ ಕಾಯಿ ಜೋಳದ ಕಾಳಿನಷ್ಟಾದಾಗ, ಯಾರೂ ಹೇಳದೆ, ನನ್ನ ಗಂಡ ತಾಯಿಯ ಮುಂದೆ ಹೋಗಿ ನಿಂತು ಹಳೆಯ ಸೀರೆ ಕೇಳಿದರು. ಪಟ್ಟಿ ಹರಿದುಕೊಂಡು ನೇರವಾಗಿ ಬಾವಿಯ ಪಕ್ಕದ ಸಾಲಿಗೆ ಹೋದರು. ಅತ್ತೆ ಕಟ್ಟೆಯ ಮೇಲಿಂದಲೇ ಕೂಗಿದರು:

"ಯಾಕಪಾ, ದೇವರಿಗಿ ಈ ವರ್ಷ ನೆರಳ ಬ್ಯಾಡೇನು?"

ಅಂದರೆ ಆ ದಿನದ ಮಾತು ಅವರ ಕಿವಿಗೆ ಬಿದ್ದಿತ್ತು! ನಾನು ನಾಲಿಗೆ ಕಚ್ಚಿಕೊಂಡೆ. ನನ್ನ ಗಂಡ ಗಂಟು ಬಿಗಿಯುತ್ತಲೇ, ತಲೆ ಎತ್ತದೆ, "ಆ ಹುಳಿ ಸಾಲು ನಮಗಿರ್ಲಿ ಬಿಡ ಯವ್ವಾ" ಎಂದರು.

ಹಾಗೆಯೇ ಆಯಿತು. ಬಾವಿಯ ಸಾಲು ಊರಿಗೆ ಹೋಯಿತು. ಬೇವಿನ ಬದುವಿನ ಹಣ್ಣನ್ನು ಮೂವರೂ ಕಟ್ಟೆಯ ಮೇಲೆ ಕುಳಿತು, ಉಪ್ಪು ಖಾರ ಹಚ್ಚಿಕೊಂಡು, ಮುಖ ಕಿವಿಚಿಕೊಂಡು ಒಬ್ಬರನ್ನೊಬ್ಬರು ನೋಡಿ ನಗುತ್ತ ತಿಂದೆವು.